ನಾಲ್ಕು ಥ್ರೆಡ್ ಹಾಕಿದೆ, ನಾಲ್ಕು ಪಟ್ಟು ಟ್ರಾಫಿಕ್ ಬಂತು

ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಡ್ಯಾಶ್‌ಬೋರ್ಡ್ 10 ಗಿಗಾಬಿಟ್‌ನ ಲಿಂಕಿನಲ್ಲಿ 12 ಗಿಗಾಬಿಟ್ ಹರಿಯುತ್ತಿದೆ ಎಂದು ತೋರಿಸಿತು. ಗ್ರಾಹಕರ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು ಫೋನ್ ಮಾಡಿ, "ಏನ್ ಸಾರ್, ನಮ್ಮ ಸ್ವಿಚ್ಚಿಗೆ ಟಾನಿಕ್ ಏನಾದ್ರೂ ಕುಡಿಸಿದ್ರಾ?" ಎಂದರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ಹಿಂದಿನ ಸಂಜೆ ಆ ಕೋಡ್ ಹಾಕಿದವನು ನಾನೇ.

ನಮ್ಮದು ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯ ತುಣುಕು) ಹಿಡಿಯುವ ಸಾಫ್ಟ್‌ವೇರ್. ಸ್ವಿಚ್ಚಿನ ಮಿರರ್ ಪೋರ್ಟಿನಿಂದ (ಹಾದುಹೋಗುವ ಟ್ರಾಫಿಕ್ಕಿನ ನಕಲು ಕೊಡುವ ಪೋರ್ಟು) ಬರುವುದನ್ನೆಲ್ಲ ಒಂದು ಲಿನಕ್ಸ್ ಸರ್ವರ್ ಓದಿ, ಯಾವ ಕನೆಕ್ಷನ್ ನಿಧಾನ, ಯಾವುದಕ್ಕೆ ಉತ್ತರವೇ ಬರಲಿಲ್ಲ ಎಂದು ಲೆಕ್ಕ ಕೊಡಬೇಕು. ಲಿಬ್‌ಪಿಕ್ಯಾಪ್ ಎಂಬ ಪ್ಯಾಕೆಟ್ ಹಿಡಿಯುವ ಲೈಬ್ರರಿಯ ಮೇಲೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೋರ್ ಬಳಸುವ ಹಾಗೆ, ಬರೆದಿದ್ದೆವು. ಬೆಳಿಗ್ಗೆ 11ರ ಹೊತ್ತಿಗೆ ಟ್ರಾಫಿಕ್ ಏರಿತೆಂದರೆ ಡ್ರಾಪ್ (ಓದಲಾಗದೆ ಕಳೆದುಹೋದ ಪ್ಯಾಕೆಟ್) ಎಣಿಕೆಯೂ ಜೊತೆಗೇ ಏರುತ್ತಿತ್ತು. ಒಂದು ಕೋರ್ ಬೆವರು ಸುರಿಸುತ್ತಿದೆ, ಉಳಿದವಕ್ಕೆ ಕೆಲಸವೇ ಇಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಥ್ರೆಡ್ ಹಾಕ್ರೀ."

ಮೊದಲು ಓದುವ ಥ್ರೆಡ್ ಒಂದು, ಬಿಡಿಸುವ ಥ್ರೆಡ್ ನಾಲ್ಕು, ನಡುವೆ ಒಂದು ಕ್ಯೂ, ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಅದಕ್ಕೊಂದು ಬೀಗ ಎಂದು ಮಾಡಿದೆ. ಡ್ರಾಪ್ ಇನ್ನೂ ಜಾಸ್ತಿಯಾಯಿತು. ಕಾರಣಕ್ಕೆ ಕಾಗದದ ಲೆಕ್ಕವೇ ಸಾಕಿತ್ತು. 10 ಗಿಗಾಬಿಟ್ ಲಿಂಕಿನಲ್ಲಿ 64 ಬೈಟ್‌ನ ಸಣ್ಣ ಪ್ಯಾಕೆಟ್‌ಗಳೇ ತುಂಬಿದರೆ ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್ ಬರುತ್ತವೆ. ಒಂದಕ್ಕೆ ಸಿಗುವುದು 67 ನ್ಯಾನೋಸೆಕೆಂಡ್. ನಮ್ಮಲ್ಲಿ ಅಷ್ಟು ಬರುತ್ತಿರಲಿಲ್ಲ ನಿಜ, ಆದರೆ ಐದು ಥ್ರೆಡ್‌ಗಳು ಪ್ಯಾಕೆಟ್ಟಿಗೊಂದು ಸಲ ಒಂದೇ ಬೀಗಕ್ಕೆ ಕಿತ್ತಾಡಿದರೆ ಅದರ ಹಲವು ಪಟ್ಟು ಹೊತ್ತು ಬೀಗದ ಬಾಗಿಲಲ್ಲೇ ಹೋಗುತ್ತದೆ.

ಹಾಗಾದರೆ ಕ್ಯೂನೇ ಬೇಡ, ನಾಲ್ಕೂ ಥ್ರೆಡ್‌ಗಳು ಪ್ಯಾಕೆಟ್ ಓದಲು ತಮ್ಮ ತಮ್ಮ ಸಾಕೆಟ್ (ಪ್ಯಾಕೆಟ್ ಒಳಬರುವ ಬಾಗಿಲು) ತೆರೆದುಕೊಳ್ಳಲಿ ಎಂದುಕೊಂಡೆ. ಟಾನಿಕ್ ಕುಡಿಸಿದ್ದು ಅದೇ. ಒಂದೇ ಇಂಟರ್‌ಫೇಸಿನ ಮೇಲೆ ನಾಲ್ಕು ಸಾಕೆಟ್ ತೆರೆದರೆ ಲಿನಕ್ಸಿನ ತಿರುಳಾದ ಕರ್ನಲ್ ಪ್ಯಾಕೆಟ್‌ಗಳನ್ನು ಹಂಚುವುದಿಲ್ಲ, ನಾಲ್ಕಕ್ಕೂ ಎಲ್ಲದರ ಒಂದೊಂದು ಪ್ರತಿ ಕೊಡುತ್ತದೆ. ಒಂದೇ ಮನೆಯಲ್ಲಿ ನಾಲ್ಕು ಜನ ಬೇರೆ ಬೇರೆಯಾಗಿ ಪೇಪರ್ ಹಾಕಿಸಿಕೊಂಡರೆ ಪೇಪರಿನವನು ನಾಲ್ಕು ಪೇಪರ್ ಎಸೆದು ಹೋಗುತ್ತಾನಲ್ಲ, ಹಾಗೆ. 3 ಗಿಗಾಬಿಟ್ 12 ಆಗಿತ್ತು. ನಮ್ಮ ಪ್ರೋಗ್ರಾಂ ಓಡುತ್ತಿರುವಾಗಲೇ ಪಕ್ಕದಲ್ಲಿ ಟಿಸಿಪಿಡಂಪ್ ಎಂಬ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ ಓಡಿಸಿ ಪೂರ್ತಿ ಟ್ರಾಫಿಕ್ ನೋಡುವುದು ನನ್ನ ದಿನನಿತ್ಯದ ಕೆಲಸ. ಅದು ಹೇಗೆ ಸಾಧ್ಯ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಹಂಚಿಸಬೇಕಾದರೆ ಪ್ಯಾಕೆಟ್ ಫ್ಯಾನ್‌ಔಟ್ ಎಂಬ ಕರ್ನಲ್ ಸೌಲಭ್ಯ ಬೇಕು. 2011ರ ಲಿನಕ್ಸ್ 3.1ರಿಂದಲೇ ಇದೆ. ಸಾಕೆಟ್‌ಗಳೆಲ್ಲ ಒಂದು ಗುಂಪಿನ ಸಂಖ್ಯೆ ಹೇಳಿ ಸೇರಿಕೊಂಡರೆ, ಒಂದು ಪ್ಯಾಕೆಟ್ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಹೋಗುತ್ತದೆ. ಯಾರಿಗೆ ಎನ್ನುವುದಕ್ಕೆ ಹಲವು ಮೋಡ್‌ಗಳಿವೆ. ನಾನು ಜಾಣತನ ಮಾಡಲು ಹೋಗಿ, ಪ್ಯಾಕೆಟ್ ಯಾವ ಕೋರ್‌ಗೆ ಬಂತು ಎಂದು ನೋಡಿ ಹಂಚುವ ಸಿಪಿಯು ಮೋಡ್ ಹಾಕಿದೆ. ನೆಟ್‌ವರ್ಕ್ ಕಾರ್ಡು ಹೇಗೂ ಆರ್‌ಎಸ್‌ಎಸ್ ಎಂಬ ತನ್ನದೇ ಹಂಚಿಕೆಯಿಂದ ಕೋರ್‌ಗಳಿಗೆ ಹಂಚುತ್ತಿದೆಯಲ್ಲ ಎಂದು. ಟ್ರಾಫಿಕ್ ಎಣಿಕೆ ಸರಿಹೋಯಿತು, ಡ್ರಾಪ್ ಇಳಿಯಿತು. ಆದರೆ "ಉತ್ತರ ಬಾರದ ಕನೆಕ್ಷನ್"ಗಳ ಪಟ್ಟಿ ಪುಟಗಟ್ಟಲೆ ಬೆಳೆಯಿತು.

ನಾಲ್ಕು ವರ್ಕರ್‌ಗಳ (ಅದೇ ನಾಲ್ಕು ಥ್ರೆಡ್‌ಗಳ) ಲಾಗ್ ಫೈಲ್‌ಗಳನ್ನು ಅಕ್ಕಪಕ್ಕ ತೆರೆದು 51344 ಎಂಬ ಒಂದು ಪೋರ್ಟ್ ಸಂಖ್ಯೆ ಹುಡುಕುತ್ತಾ ಕೂತೆ. 2ನೇ ವರ್ಕರ್‌ನಲ್ಲಿ ಸಿನ್ (ಕನೆಕ್ಷನ್ ಕೇಳುವ ಪ್ಯಾಕೆಟ್) ಇದೆ, 0ನೆಯದರಲ್ಲಿ ಸಿನ್-ಆಕ್ (ಅದರ ಉತ್ತರ) ಇದೆ. ಪ್ರಶ್ನೆ ಒಬ್ಬನ ಕಿವಿಗೆ, ಉತ್ತರ ಇನ್ನೊಬ್ಬನ ಕಿವಿಗೆ. ಕಾರ್ಡು ಕೋರ್ ಆರಿಸುವುದು ಹ್ಯಾಶ್ ನೋಡಿ, ಅಂದರೆ ವಿಳಾಸ ಮತ್ತು ಪೋರ್ಟ್‌ಗಳಿಂದ ಒಂದು ಕೀಲಿ ಹಾಕಿ ಲೆಕ್ಕ ಮಾಡಿದ ಸಂಖ್ಯೆ ನೋಡಿ. ಅದರ ಮಾಮೂಲಿ ಕೀಲಿಯಲ್ಲಿ ಎರಡೂ ತುದಿಯ ವಿಳಾಸ ಅದಲುಬದಲಾದರೆ ಹ್ಯಾಶ್ ಬೇರೆಯೇ ಬರುತ್ತದೆ, ಹಾಗಾಗಿ ಹೋಗುವ ದಾರಿ ಒಂದು ಕೋರ್‌ಗೆ, ಬರುವ ದಾರಿ ಮತ್ತೊಂದಕ್ಕೆ. ಕಾರ್ಡ್ ಒಪ್ಪಿದರೆ 6ಡಿ5ಎ ಎನ್ನುವುದನ್ನೇ ಮತ್ತೆ ಮತ್ತೆ ಬರೆದ ಕೀಲಿ ತುಂಬಿ ಎರಡೂ ದಿಕ್ಕನ್ನು ಒಂದೇ ಕಡೆ ತರಬಹುದು. ನಾವು ಫ್ಯಾನ್‌ಔಟನ್ನು, ಎರಡೂ ದಿಕ್ಕು ಒಬ್ಬನಿಗೇ ಹೋಗುವ ಹ್ಯಾಶ್ ಮೋಡ್‌ಗೆ ತಿರುಗಿಸಿದೆವು. ತುಂಡಾದ ಐಪಿ ಪ್ಯಾಕೆಟ್‌ಗಳಲ್ಲಿ ಮೊದಲ ತುಂಡಿಗೆ ಮಾತ್ರ ಪೋರ್ಟ್ ಇರುವುದರಿಂದ ತುಂಡು ಜೋಡಿಸಿಯೇ ಹಂಚು ಎನ್ನುವ ಡಿಫ್ರಾಗ್ ಫ್ಲ್ಯಾಗೂ ಬೇಕಾಯಿತು. ಒಂದು ಕನೆಕ್ಷನ್ ಪೂರ್ತಿಯಾಗಿ ಒಬ್ಬನ ಕೈಯಲ್ಲೇ ಇದ್ದಾಗ ಟೇಬಲ್‌ಗಳಿಗೆ ಬೀಗವೂ ಬೇಡವಾಯಿತು. ನಾನು ಮೊದಲ ದಿನವೇ ಯೋಚಿಸಬೇಕಿದ್ದದ್ದು ಇದನ್ನು, ಥ್ರೆಡ್ ಎಷ್ಟು ಎನ್ನುವುದನ್ನಲ್ಲ.

ಪ್ರೊಸೆಸ್ (ಒಂದರ ಮೆಮೊರಿ ಇನ್ನೊಂದು ಮುಟ್ಟದಂತೆ ಬೇರೆಯಾಗಿ ಓಡುವ ಪ್ರೋಗ್ರಾಂ) ಕಡೆ ತಿರುಗಿದ್ದು ಬೇರೆ ಕಾರಣಕ್ಕೆ. ಯಾವುದೋ ಕೆಟ್ಟ ಡಿಎನ್‌ಎಸ್ ಪ್ಯಾಕೆಟ್ ಬಂದು ಒಂದು ಥ್ರೆಡ್ ಸೆಗ್‌ಫಾಲ್ಟ್ ಆಯಿತು (ಮುಟ್ಟಬಾರದ ಮೆಮೊರಿ ಮುಟ್ಟಿ ಸತ್ತಿತು), ಉಳಿದ ಮೂರನ್ನೂ ಕಟ್ಟಿಕೊಂಡು ಹೋಯಿತು. ನಾನು ಊಟಕ್ಕೆ ಹೋಗಿದ್ದೆ. ಸರಿ, ನಾಲ್ಕು ಪ್ರೊಸೆಸ್ ಮಾಡಿದೆ. ಆಮೇಲೆ ಗೊತ್ತಾಯಿತು: ಒಂದು ಪ್ರೊಸೆಸ್ ಸತ್ತರೆ ಅದರ ಸಾಕೆಟ್ ಗುಂಪು ಬಿಡುತ್ತದೆ, ಕರ್ನಲ್ ಮೂರಕ್ಕೆ ಮರುಹಂಚಿಕೆ ಮಾಡುತ್ತದೆ, ಚೆನ್ನಾಗಿ ನಡೆಯುತ್ತಿದ್ದ ಕನೆಕ್ಷನ್‌ಗಳೂ ಮನೆ ಬದಲಾಯಿಸುತ್ತವೆ. ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್, ಹಿಡಿಯುವುದಕ್ಕೆಂದೇ ಡಂಪ್‌ಕ್ಯಾಪ್ ಎಂಬ ಪುಟ್ಟ ಪ್ರೋಗ್ರಾಂ ಪ್ರತ್ಯೇಕವಾಗಿ ಇಟ್ಟಿರುವುದು ಆಗ ನೆನಪಾಯಿತು. ನಾವೂ ಹಾಗೇ ಮಾಡಿದೆವು. ಹಿಡಿಯುವ ಪ್ರೊಸೆಸ್ ಚಿಕ್ಕದು, ಪ್ಯಾಕೆಟ್ಟಿನ ಹೊಟ್ಟೆ ಬಗೆಯುವುದಿಲ್ಲ. ವಿಶೇಷ ಅನುಮತಿ ಅದಕ್ಕೆ ಮಾತ್ರ. ಬಿಡಿಸುವವನು ಹಿಂದೆ ಬೇರೆ ಪ್ರೊಸೆಸ್‌ನಲ್ಲಿ, ಹಂಚಿಕೊಂಡ ಮೆಮೊರಿಯ ರಿಂಗ್‌ನಿಂದ (ಸುತ್ತಿ ಸುತ್ತಿ ಬಳಸುವ ಕ್ಯೂ) ಓದುತ್ತಾನೆ. ಅವನು ಬಿದ್ದರೆ ಎಬ್ಬಿಸಿದರಾಯಿತು, ಗುಂಪು ಅಲುಗಾಡುವುದಿಲ್ಲ.

ಇಷ್ಟಾದರೂ ರಾತ್ರಿ 1 ಗಂಟೆಗೆ ಗ್ರಾಹಕರ ಬ್ಯಾಕಪ್ ಶುರುವಾಗುತ್ತದೆ. ಇಡೀ ಬ್ಯಾಕಪ್ ಒಂದೇ ಟಿಸಿಪಿ ಕನೆಕ್ಷನ್. ಹ್ಯಾಶ್ ಅದನ್ನು ಒಬ್ಬನಿಗೇ ಕೊಡಬೇಕು, ಕೊಡುತ್ತದೆ. ಆ ಒಬ್ಬನಿಂದ ತಾಳಲಾಗುತ್ತಿರಲಿಲ್ಲ. ಒಬ್ಬನ ಕ್ಯೂ ತುಂಬಿದರೆ ಮುಂದಿನವನಿಗೆ ಕೊಡುವ ರೋಲ್‌ಓವರ್ ಮೋಡ್ ಹಾಕಿ ಎಂದವರಿದ್ದಾರೆ; ಹಾಕಿದರೆ ಮತ್ತೆ 51344ರ ಕಥೆಯೇ. ಕೊನೆಗೆ ಆ ಎರಡು ಸರ್ವರ್‌ಗಳ ನಡುವಿನ ಮಾತನ್ನು ಬಿಪಿಎಫ್ ಫಿಲ್ಟರ್ (ಯಾವ ಪ್ಯಾಕೆಟ್ ಬೇಡ ಎಂದು ಕರ್ನಲ್‌ಗೆ ಹೇಳುವ ನಿಯಮ) ಬರೆದು ಹಿಡಿಯದೆ ಬಿಟ್ಟುಬಿಟ್ಟೆವು, ಗ್ರಾಹಕರನ್ನು ಕೇಳಿಯೇ. "ಅದನ್ನ ಯಾರು ನೋಡ್ತಾರೆ ಬಿಡಿ ಸಾರ್" ಎಂದರು ಅವರು.