‘ಭಾವ ಹಾಳಾದದ್ದೇ ಆಸ್ಪತ್ರೆಗೆ ಹೋಗಿ!’

ಪಕ್ಕದ ಮನೆಯ ಮಾವ ತಮ್ಮ ಹೆಂಡತಿಯ ಅಣ್ಣನ ಬಗ್ಗೆ ಸೋಮವಾರ ಹೇಳಿದ ಈ ಮಾತು ಇನ್ನೂ ನನ್ನ ಕಿವಿಯಲ್ಲೇ ಉಂಟು. ಹೇಳುವಾಗ ಅವರ ಬನಿಯನ್ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ತಲೆ ಮೇಲೆ ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು. ಒಂದು ಕೈ ಎದೆ ಮೇಲೆ, ಇನ್ನೊಂದರಲ್ಲಿ ಅರ್ಧ ಕುಡಿದ ಸೋಡಾ. ಗ್ಯಾಸಂತೆ!

ದುಬೈಯಲ್ಲಿರುವ ಮಗ ಫೋನಲ್ಲಿ “ನನ್ನ ಡಾಕ್ಟರ್ ಫ್ರೆಂಡ್ ಹತ್ರ ಕೇಳಿ ಹೇಳ್ತೇನೆ, ಸ್ವಲ್ಪ ನಿಲ್ಲಿ” ಅನ್ನುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ಅವನಿಗೆ ಎಲ್ಲದಕ್ಕೂ ಒಬ್ಬ ಫ್ರೆಂಡ್ ಬೇಕು. ಅತ್ತೆ ಫೋನ್ ಇಟ್ಟು, ನನ್ನ ಕಡೆ ತಿರುಗಿ “ನೀನು ಕಾರ್ ತೆಗಿ” ಅಂದರು. ಮಾವನಿಗೆ ಅಂಗಿಯ ಗುಂಡಿ ಪೂರ್ತಿ ಹಾಕದೆ ಮನೆಯಿಂದ ಹೊರಡಲಿಕ್ಕಾಗುವುದಿಲ್ಲ. ಕೈ ನಡುಗುತ್ತಿತ್ತು, ಗುಂಡಿ ತೂತಿಗೆ ಸೇರುತ್ತಿರಲಿಲ್ಲ. ಕೊನೆಗೆ ಅತ್ತೆಯೇ ಹಾಕಿದರು, ಬೈಯುತ್ತಾ.

ಮಂಗಳೂರಿನ ನಮ್ಮ ಕುಲಶೇಖರದಿಂದ ಹೊರಟ ಮೇಲೂ ಅದೇ ಮಾತು. “ಭಾವ ಹಾಳಾದದ್ದೇ...”

ಎಮರ್ಜೆನ್ಸಿಯಲ್ಲಿ ಮಲಗಿಸಿದ ಕೂಡಲೇ ನರ್ಸ್ ಎದೆಗೆ ವೈರುಗಳನ್ನು ಅಂಟಿಸಿದಳು. ಇಸಿಜಿ ಕಾಗದ ಹೊರಗೆ ಬಂತು. ಡ್ಯೂಟಿ ಡಾಕ್ಟರ್ ಅದನ್ನು ನೋಡಿ, ಪುನಃ ನೋಡಿ, “ನೋವು ಯಾವಾಗ ಶುರುವಾಯ್ತು ಅಜ್ಜ?” ಅಂತ ಕೇಳಿದರು.

“ಈಗಷ್ಟೇ.”

“ಸುಳ್ಳು, ಡಾಕ್ಟ್ರೇ. ಬೆಳಿಗ್ಗೆ ನೀರುದೋಸೆ ತಿನ್ನುವಾಗಲೇ ದವಡೆ ಉಜ್ಜುತ್ತಿದ್ದರು” ಅಂದರು ಅತ್ತೆ.

ಹಾರ್ಟ್ ಅಟ್ಯಾಕ್! ದವಡೆಯ ನೋವೂ ಅದರದ್ದೇ. ಅಲ್ಲಿಂದ ಎಲ್ಲ ಬೇಗ ಬೇಗ ನಡೆಯಿತು. ಜಗಿಯಲಿಕ್ಕೆ ಮಾತ್ರೆ, ಸಹಿ, ಹಾರ್ಟಿನ ರಕ್ತನಾಳದ ಬ್ಲಾಕ್ ತೆಗೆಯುವ ಕ್ಯಾತ್‌ಲ್ಯಾಬ್, ನಾಳ ಪುನಃ ಮುಚ್ಚದ ಹಾಗೆ ಒಂದು ಸ್ಟೆಂಟ್. ಆಸ್ಪತ್ರೆಗೆ ಕಾಲಿಟ್ಟ 90 ನಿಮಿಷದೊಳಗೆ ಬ್ಲಾಕ್ ತೆಗೆಯಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ಆ ಸೌಲಭ್ಯ ಇಲ್ಲದ ಕಡೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅದೂ ಮೊದಲ ಗಂಟೆಗಳಲ್ಲೇ ಚೆನ್ನಾಗಿ ಕೆಲಸ ಮಾಡುವುದು. ನೋವು ಶುರುವಾಗಿ 12 ಗಂಟೆ ದಾಟಿದರೆ ಹೆಚ್ಚು ಪ್ರಯೋಜನ ಇಲ್ಲ. ಆದರೆ ಸೋಡಾ ಕುಡಿಯುತ್ತಾ ಮನೆಯಲ್ಲಿ ಕೂತ ಹೊತ್ತನ್ನು ಯಾವ ಡಾಕ್ಟರೂ ವಾಪಸ್ ತಂದುಕೊಡುವುದಿಲ್ಲ, ಅಲ್ವಾ?

ಭಾವನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅತ್ತೆಯ ಅಣ್ಣ, ಬಂಟ್ವಾಳದವರು. 2020ರ ಮಳೆಗಾಲ. ಎದೆನೋವು ಬಂದರೂ ಎರಡು ದಿನ ಮನೆಯಲ್ಲೇ ಕೂತರು. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಆಗ ಕೋವಿಡ್ ಆಸ್ಪತ್ರೆ. ಎಲ್ಲಿಗೆ ಹೋದರೂ ಮೂಗಿಗೆ ಕಡ್ಡಿ ಹಾಕುತ್ತಾರೆ, ಪಾಸಿಟಿವ್ ಬಂದರೆ ಮನೆಗೆ ಸ್ಟಿಕ್ಕರ್ ಅಂಟಿಸುತ್ತಾರೆ, ಊರಿಡೀ ಸುದ್ದಿಯಾಗುತ್ತದೆ. ನಿಜ ಹೇಳಬೇಕೆಂದರೆ ಸಾವಿಗಿಂತ ಆ ಸ್ಟಿಕ್ಕರಿಗೇ ಅವರು ಜಾಸ್ತಿ ಹೆದರಿದ್ದು. ಕೊನೆಗೆ ಉಸಿರು ಕಟ್ಟಿದ ಮೇಲೆ ಕರೆದುಕೊಂಡು ಹೋದರು. ಜೀವ ಉಳಿಯಿತು, ಹಾರ್ಟಿನ ಪಂಪಿಂಗ್ ಕಮ್ಮಿಯಾಯಿತು. ಈಗ ಗುಡ್ಡೆ ಹತ್ತಲಿಕ್ಕಾಗುವುದಿಲ್ಲ, ಬಾವಿಯಿಂದ ನೀರೆಳೆಯಲಿಕ್ಕಾಗುವುದಿಲ್ಲ. ಮಾವ ನೋಡಿದ್ದು ಇಷ್ಟೇ: ಹೋಗುವಾಗ ಭಾವ ನಡೆದುಕೊಂಡು ಹೋದರು, ಬರುವಾಗ ಇಬ್ಬರು ಹಿಡಿದುಕೊಂಡು ಬಂದರು. ಹಾಗಾಗಿ ತಪ್ಪು ಆಸ್ಪತ್ರೆಯದ್ದು!

ಅದೇ ವರ್ಷ ಮಾರ್ಚ್ ಕೊನೆಗೆ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರಿಗೆ ದಾರಿಯೇ ಇರಲಿಲ್ಲ. ಭಾವನಿಗೆ ದಾರಿ ಇತ್ತು, ಮನೆಯಲ್ಲಿ ಕಾರೂ ಇತ್ತು. ದೇಶದ ತುಂಬ ಹೀಗೆಯೇ ಆಗಿದೆ. ಆ ಲಾಕ್‌ಡೌನಿನ ತಿಂಗಳುಗಳಲ್ಲಿ ಹಾರ್ಟ್ ಅಟ್ಯಾಕಿಗೆ ಆಸ್ಪತ್ರೆ ಸೇರಿದವರು ಹಿಂದಿನ ವರ್ಷಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಉಳಿದವರ ಹಾರ್ಟೆಲ್ಲ ಸರಿಯಿತ್ತಾ? ಎಷ್ಟೋ ಜನ ಹೀಗೇ ಮನೆಯಲ್ಲಿ ಕೂತಿರಬೇಕು. ಕೊರೊನಾ ಹೋಯಿತು, ಆ ಹೆದರಿಕೆ ಮಾತ್ರ ಮಾವನಂಥವರ ಒಳಗೆ ಬಾಡಿಗೆ ಕೊಡದೆ ಕೂತುಬಿಟ್ಟಿದೆ.

ಈಗ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೂ ಇಸಿಜಿ ತೆಗೆದು ಹಾರ್ಟ್ ಡಾಕ್ಟರುಗಳಿಗೆ ವಾಟ್ಸ್ಆ್ಯಪಲ್ಲಿ ಕಳಿಸುತ್ತಾರೆ. ನಮ್ಮ ಮಂಗಳೂರಿನ ಹಾರ್ಟ್ ಡಾಕ್ಟರ್ ಪದ್ಮನಾಭ ಕಾಮತರು ಅದಕ್ಕಾಗಿ ಊರೂರಿಗೆ ಮಿಷಿನ್ ಕೊಡಿಸಿದ್ದಾರೆ. ದೊಡ್ಡ ಕೆಲಸ. ಆದರೆ ಮಾವನನ್ನು ಕುರ್ಚಿಯಿಂದ ಎಬ್ಬಿಸಲಿಕ್ಕೆ ಅತ್ತೆಯೇ ಬೇಕಾಯಿತು.

ನಿನ್ನೆ ವಾರ್ಡಿಗೆ ಹೋದಾಗ ಅತ್ತೆ ಬಂಟ್ವಾಳಕ್ಕೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಮಾವನ ಮುಖದ ಹತ್ತಿರ ಹಿಡಿದಿದ್ದರು. ಆ ಕಡೆಯಿಂದ ಭಾವ, ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾ, “ಮಾರಾಯಾ, ನಾನು ಹಾಳಾದದ್ದು ಆ ಎರಡು ದಿನ ಮನೆಯಲ್ಲಿ ಕೂತು!” ಅಂತ ಬೈಯುತ್ತಿದ್ದರು.

ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ “ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ” ಅಂತ ಹೇಳಿ ಫೋನ್ ಕಟ್ ಮಾಡಿದರು.