ಒತ್ತಕ್ಷರದ ಕೀ ಮತ್ತು ಪಡ್ಡಿನ ಕಾವಲಿ

ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆಯುವವರ ಲ್ಯಾಪ್‌ಟಾಪಿನಲ್ಲಿ ಮೊದಲು ಸಾಯುವ ಕೀ ಯಾವುದು ಗೊತ್ತಾ? ಎಫ್. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಒತ್ತಕ್ಷರ ಬೀಳಬೇಕಾದರೆ ನಡುವೆ ಎಫ್ ಒತ್ತಬೇಕು. ‘ಅಕ್ಕ’ ಅನ್ನಲು ಎ, ಕೆ, ಎಫ್, ಕೆ. ನನ್ನದು ದಾವಣಗೆರೆ ಮಂಡಿಪೇಟೆ ಹತ್ತಿರ ಡಿಟಿಪಿ ಅಂಗಡಿ, ಮುಖ್ಯವಾಗಿ ಲಗ್ನಪತ್ರಿಕೆ. ಆ ಒಂದು ಪದಕ್ಕೇ ಎರಡು ಎಫ್. ಆಮೇಲೆ ಶ್ರೀ, ಶ್ರೀಮತಿ, ಜ್ಯೇಷ್ಠ ಪುತ್ರ, ದ್ವಿತೀಯ ಪುತ್ರಿ, ಆಪ್ತರು, ಬಂಧುಮಿತ್ರರು. ದಿಬ್ಬಣ ಪೂರ್ತಿ ಆ ಒಂದು ಕೀ ಮೇಲೆ ಕುಣಿದುಕೊಂಡು ಹೋಗುತ್ತದೆ. ಲ್ಯಾಪ್‌ಟಾಪ್ ಮಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ಸವೆಯುವುದು ಸ್ಪೇಸ್ ಬಾರೋ, ಎಂಟರೋ ಇರಬೇಕು.

2014ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ420 ಲ್ಯಾಪ್‌ಟಾಪ್ ತಗೊಂಡೆ. ಯಾವುದೋ ಕಂಪನಿಯವರು ಮೂರು ವರ್ಷ ಬಳಸಿ ಬಿಟ್ಟದ್ದು. ಕಪ್ಪಗೆ, ದಪ್ಪಗೆ, ಇಟ್ಟಿಗೆ ಹಾಗೆ. ನನ್ನ ಯಜಮಾನರು ನೋಡಿ “ಇದಕ್ಕಿಂತ ಅಡುಗೆಮನೆ ತೂಕದ ಕಲ್ಲು ಹಗುರ” ಅಂದಿದ್ದರು. ಎರಡು ವರ್ಷ ಏನೂ ಆಗಲಿಲ್ಲ. 2016ರ ವೈಶಾಖದಲ್ಲಿ, ಕೈಯಲ್ಲಿ ಹನ್ನೊಂದು ಪತ್ರಿಕೆ ಇದ್ದಾಗ, ಎಫ್ ಕೈಕೊಟ್ಟಿತು. ಗಟ್ಟಿಯಾಗಿ ಒತ್ತಿದರೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ‘ಶ್ರೀಮತಿ’ ಹೋಗಿ ‘ಶರೀಮತಿ’ ಆಗಿ, ಪ್ರೂಫ್ ನೋಡಿದ ಬೀಗರ ಮುಖ ಇನ್ನೂ ನೆನಪಿದೆ.

ರಿಪೇರಿಗೆ ಕೊಟ್ಟರೆ ಎರಡು ದಿನ ಅಂಗಡಿ ಮುಚ್ಚಬೇಕು. ಅಕ್ಕನ ಮಗ ಫೋನಿನಲ್ಲಿ “ಚಿಕ್ಕಮ್ಮ, ಅದಕ್ಕೆ ಪುಸ್ತಕವೇ ಇದೆ” ಅಂತ ಒಂದು ಪಿಡಿಎಫ್ ಕಳಿಸಿದ. ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್. ಕಂಪನಿಯೇ ತನ್ನ ಜಾಲತಾಣದಲ್ಲಿ ಬಿಟ್ಟಿ ಇಟ್ಟದ್ದು. ಬೇಕಾದಷ್ಟು ಪುಟ ಪ್ರಿಂಟ್ ತೆಗೆದೆ. ಯಾವ ಸ್ಕ್ರೂ, ಎಷ್ಟು ಉದ್ದ, ಮೊದಲು ಯಾವುದು, ನಂತರ ಯಾವುದು, ಎಲ್ಲಕ್ಕೂ ಚಿತ್ರ. ಬಿಚ್ಚಿದ ಸ್ಕ್ರೂ ಮತ್ತೆ ಹಾಕಬೇಡಿ, ಪ್ರತಿ ಸಲ ಹೊಸದು ಹಾಕಿ ಅಂತಲೂ ಬರೆದಿದ್ದರು. ಅವಕ್ಕೆ ನೈಲಾನ್ ಲೇಪ ಇರುತ್ತದಂತೆ, ಒಮ್ಮೆ ಬಿಗಿದರೆ ಅದರ ಹಿಡಿತ ಮುಗಿಯಿತಂತೆ. ಆ ಮಾತೊಂದನ್ನು ನಾನು ಪಾಲಿಸಿಲ್ಲ. ಹತ್ತು ವರ್ಷದಿಂದ ಅವೇ ಸ್ಕ್ರೂ ತಿರುಗುತ್ತಿವೆ.

ಕೆಲಸ ಇಷ್ಟೇ. ಹಿಂದಿನ ಚಿಲಕ ಸರಿಸಿ ಬ್ಯಾಟರಿ ಎಳೆ. ತಳದಲ್ಲಿ ಎರಡು ಸ್ಕ್ರೂ ಬಿಚ್ಚು. ತಿರುಗಿಸಿ, ಕೀಬೋರ್ಡನ್ನು ಪರದೆ ಕಡೆಗೆ ಒಂದು ಚೂರು ತಳ್ಳಿ ಎತ್ತು. ಒಂದು ಕೇಬಲ್ ಬಿಡಿಸಿದರೆ ಕೈಗೇ ಬಂತು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಎಫ್‌ಆರ್‌ಯು ನಂಬರ್, ಅಂದರೆ ಆ ಬಿಡಿಭಾಗದ ಗುರುತಿನ ಸಂಖ್ಯೆ. ಅದನ್ನು ಹೇಳಿದರೆ ಎಸ್.ಪಿ. ರಸ್ತೆಯ ಹುಡುಗರು ಮತ್ತೇನೂ ಕೇಳುವುದಿಲ್ಲ, ಒಳಗೆ ಹೋಗಿ ಡಬ್ಬಿ ತರುತ್ತಾರೆ. ಅಕ್ಕನ ಮಗನಿಗೆ ಎರಡು ತಗೊಂಡು ಕಳಿಸು ಅಂದೆ. ಒಂದು ಹಾಕಿದೆ, ಇನ್ನೊಂದು ಬೀರುವಿನಲ್ಲಿ ಸೀರೆ ಕೆಳಗೆ.

ಆ ಕೀಬೋರ್ಡ್ ಎತ್ತಿದಾಗ ಅದರ ಅಡಿಯಲ್ಲೊಂದು ರ‍್ಯಾಮ್ ಮೆಮೊರಿ ಸ್ಲಾಟ್ ಕಂಡಿತು. ಇನ್ನೊಂದು ಸ್ಲಾಟ್ ತಳದ ಮುಚ್ಚಳದ ಹಿಂದೆ. ಧೈರ್ಯ ಬಂದು ಮೆಮೊರಿಯನ್ನೂ ಹೆಚ್ಚಿಸಿದೆ. ಹಾರ್ಡ್ ಡಿಸ್ಕ್ ಒಂದೇ ಸ್ಕ್ರೂ, ಪಕ್ಕದಿಂದ ಎಳೆದರೆ ಡ್ರಾಯರ್ ಹಾಗೆ ಬರುತ್ತದೆ. ಅಲ್ಲಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ದಿನ, ಪತ್ರಿಕೆ ವಿನ್ಯಾಸ ಮಾಡುವ ಕೋರೆಲ್ ತಂತ್ರಾಂಶ ಎಷ್ಟು ಬೇಗ ತೆರೆಯಿತು ಅಂದರೆ, ಏನೋ ತಪ್ಪಾಗಿದೆ ಅಂತ ಮುಚ್ಚಿ ಮತ್ತೆ ತೆರೆದು ನೋಡಿದೆ. ಸ್ಕ್ರೂ ಕಲೆಸದ ಹಾಗೆ ಪಡ್ಡಿನ ಕಾವಲಿಯ ಕುಳಿಗಳಲ್ಲಿ ಹಾಕಿಡುವುದು ನಾನೇ ಕಂಡುಕೊಂಡ ಉಪಾಯ. ಒಂದು ಕುಳಿ, ಒಂದು ಭಾಗದ ಸ್ಕ್ರೂ. ನಮ್ಮ ಅತ್ತೆ ಒಮ್ಮೆ ಗಮನಿಸದೆ ಅದನ್ನು ಒಲೆ ಮೇಲಿಟ್ಟು ಎಣ್ಣೆ ಬಿಡಲು ಹೋಗಿದ್ದರು. ಆ ಕಥೆ ಬೇರೆ.

ಹಳೆಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಇದೇ ಟಿ420ರ ಫ್ಯಾನ್ ಧೂಳು ಕುಡಿದು ಕೂಗಲು ಶುರುವಾದಾಗ ನನ್ನ ಒಂದು ಭಾನುವಾರ ಹೋಯಿತು. ಫ್ಯಾನ್ ಮುಟ್ಟಬೇಕಾದರೆ ಕೀಬೋರ್ಡ್ ತೆಗೆ, ಅದರ ಸುತ್ತಲಿನ ಚೌಕಟ್ಟು ತೆಗೆ, ಹೀಗೆ ಮೇಲಿನಿಂದ ಅಗೆಯುತ್ತಾ ಹೋಗಬೇಕು. ನಮ್ಮೂರಿನ ಧೂಳಿಗೆ ವರ್ಷಕ್ಕೊಂದು ಸಲ ಬೇಕಾದ ಕೆಲಸ ಅದು. ಮಗಳ ಆನ್‌ಲೈನ್ ಕ್ಲಾಸಿಗೆ 2021ರಲ್ಲಿ ತಂದ ತೆಳ್ಳನೆಯ ಲ್ಯಾಪ್‌ಟಾಪ್ ಈ ವಿಷಯದಲ್ಲಿ ಬಲು ಸುಲಭ. ಕಂಪನಿ ಹೆಸರು ಬೇಡ ಬಿಡಿ. ತಳದ ಹಲಗೆ ಬಿಚ್ಚಿದರೆ ಫ್ಯಾನ್, ಎಸ್‌ಎಸ್‌ಡಿ, ಬ್ಯಾಟರಿ, ವೈಫೈ ಕಾರ್ಡ್ ಎಲ್ಲ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಬ್ಯಾಟರಿಗೆ ಅಂಟಿಲ್ಲ, ಸ್ಕ್ರೂ ಇದೆ. ಒಮ್ಮೆ ಅದು ಉಬ್ಬಿ ಟಚ್‌ಪ್ಯಾಡ್ ಒತ್ತಲು ಬಾರದಂತೆ ಮಾಡಿದಾಗ ಅರ್ಧ ಗಂಟೆಯಲ್ಲಿ ನಾನೇ ಬದಲಿಸಿದೆ. ಕಷ್ಟ ಬರೀ ಬಿಚ್ಚುವುದರಲ್ಲಿ: ಕಾಣುವ ಸ್ಕ್ರೂ ಎಲ್ಲ ತೆಗೆದರೂ ಹಲಗೆ ಅಲುಗಲಿಲ್ಲ. ಇನ್ನೆರಡು ಹಿಂದಿನ ರಬ್ಬರ್ ಕಾಲಿನ ಅಡಿಯಲ್ಲಿ ಅವಿತಿದ್ದವು. ಆಮೇಲೆ ಹಳೆ ಎಟಿಎಂ ಕಾರ್ಡ್ ಸಂದಿಗೆ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಬೇಕು. ಪ್ರತಿ ‘ಟಕ್’ ಶಬ್ದಕ್ಕೂ ಎದೆ ಧಸಕ್ ಅನ್ನುತ್ತದೆ.

ಮಗಳು ಹಾಸ್ಟೆಲ್ ಸೇರಿ ಬೇರೆ ತಗೊಂಡ ಮೇಲೆ ಅದು ನನ್ನ ಅಂಗಡಿಗೆ ಬಂತು. ಬಂದ ಮೇಲೆ ಏನಾಗಬೇಕೋ ಅದೇ ಆಯಿತು. ಎರಡೇ ಮದುವೆ ಸೀಸನ್. ಎಫ್!

ಈ ಸಲ ಅಧಿಕೃತ ಸರ್ವಿಸ್ ಸೆಂಟರ್. ಅಲ್ಲಿಯ ಹುಡುಗ ಪರದೆ ಮೇಲೆ ಏನೋ ನೋಡಿ, “ಕೀಬೋರ್ಡ್ ಒಂದೇ ಬರಲ್ರೀ ಮೇಡಂ, ಸಿ ಪ್ಯಾನೆಲ್ ಪೂರ್ತಿ ಹಾಕ್ಬೇಕು” ಅಂದ. ರಿಪೇರಿಯವರ ಭಾಷೆಯಲ್ಲಿ ಲ್ಯಾಪ್‌ಟಾಪಿಗೆ ನಾಲ್ಕು ಹಲಗೆ. ಪರದೆಯ ಬೆನ್ನು ಎ, ಪರದೆ ಸುತ್ತಲಿನ ಅಂಚು ಬಿ, ಕೈ ಊರುವ ಮೇಲ್ಭಾಗ ಸಿ, ತಳ ಡಿ. ಎಫ್ ಹೋಗಿದ್ದಕ್ಕೆ ಸಿ ಬದಲಿಸಬೇಕು. ರೇಟು ಕೇಳಿ ಎದ್ದು ಬಂದೆ.

ಮನೆಗೆ ಬಂದು ನಾನೇ ತೆಗೆದೆ. ಡಿ ಪ್ಯಾನೆಲ್ ಹೋಯಿತು, ಬ್ಯಾಟರಿ ಹೋಯಿತು, ಫ್ಯಾನ್, ಕೊನೆಗೆ ಮದರ್‌ಬೋರ್ಡ್ ಕೂಡ ಎದ್ದಿತು. ಅಲ್ಲಿಗೆ ಕಾವಲಿಯ ಕುಳಿ ಮುಗಿದು ಎರಡು ಚಮಚ, ಒಂದು ಲೋಟದ ಮುಚ್ಚಳವೂ ತುಂಬಿದ್ದವು. ಎಲ್ಲಕ್ಕಿಂತ ಅಡಿಯಲ್ಲಿ ಕೀಬೋರ್ಡ್. ಸ್ಕ್ರೂ ಇಲ್ಲ. ಸಿ ಪ್ಯಾನೆಲಿನಿಂದ ಎದ್ದ ಸಣ್ಣ ಪ್ಲಾಸ್ಟಿಕ್ ಗುಬ್ಬಿಗಳನ್ನು ಕೀಬೋರ್ಡಿನ ತೂತಿನಲ್ಲಿ ತೂರಿಸಿ, ತಲೆ ಕರಗಿಸಿ ಅಮುಕಿಬಿಟ್ಟಿದ್ದರು. ಕೂತು ಎಣಿಸಿದೆ, ಅರವತ್ತೆಂಟು. ಹಳೆಯದರಲ್ಲಿ ಎಲ್ಲಕ್ಕಿಂತ ಮೊದಲು ಕೈಗೆ ಬಂದದ್ದು ಇದರಲ್ಲಿ ಎಲ್ಲಕ್ಕಿಂತ ಕೊನೆಗೆ, ಅದೂ ಬರಲಾರದಂತೆ. ಹಾಗೆ ಮಾಡಿದರೆ ತೆಳ್ಳಗಾಗುತ್ತದೆ, ಅಗ್ಗವಾಗುತ್ತದೆ, ಟೈಪ್ ಮಾಡುವಾಗ ಬಾಗುವುದಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ಲ್ಯಾಪ್‌ಟಾಪಿನಲ್ಲಿ ದಿನವಿಡೀ ಬೆರಳೇಟು ತಿನ್ನುವ ಭಾಗ ಇದೊಂದೇ. ಬಾಗಿಲು ಕೊಡಬೇಕಾದದ್ದೂ ಇದಕ್ಕೇ ಅಲ್ಲವೇ?

ರಿಪೇರಿಗೆಂದೇ ಹೆಸರಾದ ಫ್ರೇಮ್‌ವರ್ಕ್ ಅನ್ನುವ ಲ್ಯಾಪ್‌ಟಾಪ್ 2021ರಲ್ಲಿ ಬಂತಲ್ಲ, ಅದರ ವಿಡಿಯೋ ರಾತ್ರಿಯೆಲ್ಲ ನೋಡಿದೆ. ಅದರಲ್ಲೂ ಬರೀ ಕೀಬೋರ್ಡ್ ಬದಲಿಸಲು ಹತ್ತಾರು ಪುಟ್ಟ ಸ್ಕ್ರೂ ಬಿಚ್ಚಬೇಕು. ಆದರೂ ಅವು ಸ್ಕ್ರೂ. ಅದೇ ವರ್ಷದಿಂದ ಫ್ರಾನ್ಸಿನಲ್ಲಿ ಲ್ಯಾಪ್‌ಟಾಪ್ ಮಾರುವಾಗ ರಿಪೇರಿಗೆ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಎಂದು ತೋರಿಸಬೇಕು. ಬಿಚ್ಚುವ ಸುಲಭ, ಬಿಡಿಭಾಗ ಸಿಗುವುದು, ಅದರ ಬೆಲೆ, ಕೈಪಿಡಿ, ಎಲ್ಲವೂ ಲೆಕ್ಕಕ್ಕೆ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಅನ್ನುವ ಪೋರ್ಟಲ್ ತೆರೆಯಿತು. ಆದರೆ ಅಂಗಡಿಯ ಡಬ್ಬಿ ಮೇಲೆ ಫ್ರಾನ್ಸಿನಂಥ ಅಂಕ ನನಗಿನ್ನೂ ಕಂಡಿಲ್ಲ.

ಕೊನೆಗೆ ನಮ್ಮ ಓಣಿಯ ಮೊಬೈಲ್ ರಿಪೇರಿಯವರು ಒಪ್ಪಿಕೊಂಡರು. ಸೋಲ್ಡರಿಂಗ್ ಐರನ್ ತುದಿಯಿಂದ ಅರವತ್ತೆಂಟು ಗುಬ್ಬಿಯ ತಲೆ ತೆಗೆದು, ಹೊಸ ಕೀಬೋರ್ಡ್ ಕೂರಿಸಿ, ಉಳಿದ ಮೋಟುಗಳನ್ನೇ ಮತ್ತೆ ಕರಗಿಸಿ ಅಮುಕಿದರು. ಅಂಗಡಿ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ. ಕೊಡುವಾಗ ಹೇಳಿದರು: “ಅಕ್ಕಾ, ಇದು ಒಂದೇ ಸಲ. ಇನ್ನೊಂದು ಸಲಕ್ಕೆ ಕರಗಿಸೋಕೆ ಪ್ಲಾಸ್ಟಿಕ್ಕೇ ಉಳಿದಿಲ್ಲ.” ಸ್ಪೇಸ್ ಬಾರ್ ಹತ್ತಿರ ಸ್ವಲ್ಪ ಅಲುಗಾಡುತ್ತದೆ.

ಹೋದ ತಿಂಗಳು ಹೊಸದೊಂದು ನೋಡೋಣ ಅಂತ ಶೋರೂಮಿಗೆ ಹೋದೆ. ಈಗ ನನಗೊಂದು ಪಾಠ ಆಗಿದೆ. ಡೆಲ್, ಎಚ್‌ಪಿ, ಲೆನೊವೊ ಮೂವರೂ ಸರ್ವಿಸ್ ಕೈಪಿಡಿಯನ್ನು ಜಾಲತಾಣದಲ್ಲಿ ಇಡುತ್ತಾರೆ. ಮಾಡೆಲ್ ಹೆಸರು ಹೊಡೆದು ಅಲ್ಲೇ ನಿಂತು ಮೊಬೈಲಿನಲ್ಲಿ ತೆರೆದೆ. ಕೀಬೋರ್ಡಿಗೆ ಬೇರೆ ಅಧ್ಯಾಯ ಇದೆಯೋ, ‘ಕೀಬೋರ್ಡ್ ಸಮೇತ ಮೇಲ್ಮುಚ್ಚಳ’ ಅಂತ ಒಂದೇ ಸಾಲಿದೆಯೋ, ಅಷ್ಟು ನೋಡಿದರೆ ಸಾಕು. ಮೂರು ಮಾಡೆಲಿಗೆ ಆ ಒಂದೇ ಸಾಲು ಸಿಕ್ಕಿತು. ನಾಲ್ಕನೆಯದನ್ನು ಮಗುಚಿ ತಳ ನೋಡುತ್ತಿದ್ದಾಗ ಸೇಲ್ಸ್ ಹುಡುಗ ಓಡಿ ಬಂದ.

“ಮೇಡಂ, ಡಿಸ್‌ಪ್ಲೇ ಈ ಕಡೆ.”

“ಗೊತ್ತಪ್ಪ. ಇದರ ಕೀಬೋರ್ಡ್ ಹೇಗೆ ಬರುತ್ತೆ?”

“ಕೀಬೋರ್ಡಾ? ಬ್ಯಾಕ್‌ಲೈಟ್ ಇದೆ ಮೇಡಂ.”