ದಪ್ಪ ತಂತಿಗೆ ಕನೆಕ್ಟರ್ ಬೆಸೆಯುವಾಗ ಬಿಸಿಯ ಲೆಕ್ಕ

ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಬುಡದ ನೀರಿನಲ್ಲಿ ರಿಮೋಟ್ ದೋಣಿ ಓಡಿಸುವ ನಮ್ಮಂಥ ಹವ್ಯಾಸಿಗಳು ಮೋಟರು, ಬ್ಯಾಟರಿ, ಪ್ರೊಪೆಲರ್‌ಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಅವುಗಳ ನಡುವೆ ಅಷ್ಟೂ ಕರೆಂಟನ್ನು ಹೊರುವ ಕನೆಕ್ಟರಿನ ಬೆಸುಗೆಯ ಮಾತು ಮಾತ್ರ ಅಪರೂಪ. ಇಳಿತದ ಹೊತ್ತಿನಲ್ಲಿ ಅಳಿವೆಯ ನಡುವೆ ಬೆಸುಗೆ ಬಿಟ್ಟುಕೊಂಡಿತೆಂದರೆ ದೋಣಿ ನೀರಿನ ಸೆಳೆತಕ್ಕೆ ಸಿಕ್ಕು ಸಮುದ್ರದತ್ತ ಹೊರಟುಬಿಡುತ್ತದೆ. ಆದ್ದರಿಂದ ಈ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಮೊದಲು ಲೆಕ್ಕ ನೋಡೋಣ. ಬೆಸುಗೆಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪೂರ್ಣ ವೇಗದಲ್ಲಿ ಮೋಟರು 40 ಆಂಪಿಯರ್ ಎಳೆಯುವಾಗ ಬೆಸುಗೆಯ ರೋಧ 1 ಮಿಲಿಓಮ್ ಇದ್ದರೆ ಅಲ್ಲಿ 1.6 ವ್ಯಾಟ್ ಬಿಸಿ ಹುಟ್ಟುತ್ತದೆ. 5 ಮಿಲಿಓಮ್ ಆದರೆ 8 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ 8 ವ್ಯಾಟ್ ಎಂದರೆ ಸಣ್ಣದಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎಕ್ಸ್‌ಟಿ60 ಕನೆಕ್ಟರನ್ನು ಅದರ ತಯಾರಕರು ನಿರಂತರ 30 ಆಂಪಿಯರಿಗೆ, ಗರಿಷ್ಠ 60 ಆಂಪಿಯರಿಗೆ ಎಂದು ನಿಗದಿಪಡಿಸಿದ್ದಾರೆ. ಹೆಸರಿನಲ್ಲಿರುವ 60 ನಿರಂತರ ಕರೆಂಟಿನ ಸಂಖ್ಯೆ ಎಂದು ತಿಳಿದವರೇ ಹೆಚ್ಚು.

ಇನ್ನು ಬೆಸೆಯುವ ಬಿಸಿ. 63/37 ತವರ-ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸಾಧಾರಣ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಮೊನೆಯೂ ಅದನ್ನು ಸುಲಭವಾಗಿ ದಾಟುತ್ತದೆ. ಆದರೂ ಆ ಐರನ್ನಿನಿಂದ 12 ಗೇಜಿನ ತಂತಿ ಬೆಸೆಯಲು ಹೋದರೆ ಸೋಲ್ಡರ್ ಅಂಟಂಟಾಗಿ ಗಂಟು ಕಟ್ಟಿಕೊಳ್ಳುತ್ತದೆ, ಏಕೆಂದರೆ ಅಷ್ಟು ದಪ್ಪದ ತಾಮ್ರ ಮೊನೆಯ ಬಿಸಿಯನ್ನು ಮುಟ್ಟಿದ ಕ್ಷಣದಲ್ಲೇ ತಂತಿಯುದ್ದಕ್ಕೂ ಎಳೆದುಕೊಂಡುಬಿಡುತ್ತದೆ. ಇಲ್ಲಿ ಬೇಕಾಗಿರುವುದು ಬಿಸಿಯ ದಾಸ್ತಾನು: 60 ವ್ಯಾಟಿಗೆ ಕಡಿಮೆಯಿಲ್ಲದ ಐರನ್, ಅದಕ್ಕೆ 4-5 ಮಿಲಿಮೀಟರ್ ಅಗಲದ ಉಳಿಯಾಕಾರದ ದಪ್ಪ ಮೊನೆ, 380ರಿಂದ 400 ಡಿಗ್ರಿಯ ಆಸುಪಾಸು. ಚೂಪು ಮೊನೆಯನ್ನು 450 ಡಿಗ್ರಿಗೆ ಏರಿಸಿದರೂ ಇದಕ್ಕೆ ಸಾಟಿಯಾಗುವುದಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಸಾದಾ ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಕುಸಿಯುವುದರಿಂದ 60 ವ್ಯಾಟಿನದು 37 ವ್ಯಾಟಿನದಾಗುತ್ತದೆ. ಮನೆಯ ದೀಪ ಮಂಕಾಗಿ ಉರಿಯುವ ಸಂಜೆ ದಪ್ಪ ತಂತಿಯ ಬೆಸುಗೆಗೆ ನಾನು ಕೈ ಹಾಕುವುದಿಲ್ಲ.

ಉಪ್ಪುಗಾಳಿಗೆ ತಾಮ್ರ ಬೇಗ ಮಂಕಾಗುತ್ತದೆ. ಸಿಲಿಕೋನ್ ಹೊದಿಕೆಯ 12 ಗೇಜಿನ ತಂತಿಯಲ್ಲಿ ಸಾಮಾನ್ಯವಾಗಿ 0.08 ಮಿಲಿಮೀಟರ್ ದಪ್ಪದ ಸುಮಾರು 680 ಎಳೆಗಳಿರುತ್ತವೆ. ಕಪ್ಪಾದ ಅಷ್ಟೊಂದು ಎಳೆಗಳನ್ನು ಉಜ್ಜಿ ಶುಚಿಮಾಡುವುದು ಆಗದ ಮಾತು. ಬಣ್ಣಗೆಟ್ಟ ತುದಿಯನ್ನು ಕತ್ತರಿಸಿ, ಕಿತ್ತಳೆಗೆಂಪು ಹೊಳೆಯುವ ತಾಮ್ರ ಸಿಕ್ಕಲ್ಲಿಂದ ಶುರುಮಾಡುವುದೇ ಸರಿ. ಮೋಟರಿನ ತಂತಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ಅನೇಕ ಬ್ರಷ್‌ಲೆಸ್ ಮೋಟರುಗಳಲ್ಲಿ ಹೊರಬರುವ ಮೂರು ತಂತಿಗಳು ಒಳಗಿನ ಸುರುಳಿಯದೇ ಮುಂದುವರಿಕೆ. ಪ್ರತಿ ಎಳೆಯ ಮೇಲೂ ಎನಾಮಲ್ ಲೇಪವಿರುತ್ತದೆ, ಕಾರ್ಖಾನೆಯಲ್ಲಿ ತವರ ಹಾಕಿದ ತುದಿಯಲ್ಲಿ ಮಾತ್ರ ಅದು ಇರುವುದಿಲ್ಲ. ಉದ್ದ ಹೆಚ್ಚಾಯಿತೆಂದು ಆ ತುದಿಯನ್ನು ಕತ್ತರಿಸಿದರೆ, ಲೇಪವನ್ನು ಎಳೆ ಎಳೆಯಾಗಿ ಕೆರೆದು ತೆಗೆಯುವವರೆಗೆ ಸೋಲ್ಡರ್ ಹಿಡಿಯುವುದಿಲ್ಲ. ಮೇಲ್ನೋಟಕ್ಕೆ ಹಿಡಿದಂತೆ ಕಂಡರೂ ಹೊರಸುತ್ತಿನ ಕೆಲವೇ ಎಳೆಗಳು ಕರೆಂಟು ಹೊರುತ್ತಿರುತ್ತವೆ.

ಲೋಹದ ಮೈ ಶುಚಿಮಾಡಿ ಸೋಲ್ಡರ್ ಹಿಡಿಯುವಂತೆ ಮಾಡುವ ಫ್ಲಕ್ಸ್ ರಾಳದ್ದೇ ಆಗಿರಲಿ. ಪೈಪು, ತಗಡಿನ ಕೆಲಸಕ್ಕೆ ಬಳಸುವ ಆಮ್ಲದ ಪೇಸ್ಟ್ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಎಳೆಗಳ ನಡುವೆ ಉಳಿದ ಅದರ ಶೇಷ ನಮ್ಮ ತೇವದ ಹವೆಯಲ್ಲಿ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಬೆಸೆಯುವ ಮುನ್ನ, ಬೆಸುಗೆಯ ಮೇಲೆ ಹೊದಿಸುವ, ಬಿಸಿಗೆ ಕುಗ್ಗುವ ಕೊಳವೆಯನ್ನು (ಹೀಟ್ ಶ್ರಿಂಕ್) ತಂತಿಗೆ ಪೋಣಿಸಿ ದೂರ ಸರಿಸಿಡಬೇಕು. ಒಂಟಿ ದುಂಡು ಪಿನ್ನಿನ ಬುಲೆಟ್ ಕನೆಕ್ಟರನ್ನು ಕಬ್ಬಿಣದ ವೈಸಿನಲ್ಲಿ ಹಿಡಿದರೆ ಬಿಸಿಯೆಲ್ಲ ವೈಸಿಗೆ ಹೋಗುತ್ತದೆ. ಬಡಗಿಯವರಲ್ಲಿ ಸಿಗುವ ಸಾಗವಾನಿ ತುಂಡಿಗೆ ಅಳತೆಯ ತೂತು ಕೊರೆದು ಅದರಲ್ಲಿ ನಿಲ್ಲಿಸಿದರೆ ಸಾಕು. ಎಕ್ಸ್‌ಟಿ60ಕ್ಕೆ ಅದರ ಜೋಡಿಯನ್ನು ಸಿಕ್ಕಿಸಿಟ್ಟೇ ಬೆಸೆಯಬೇಕು. ಅದರ ನೈಲಾನ್ ಕವಚ ಐರನ್ನಿನ ಬಿಸಿಗಿಂತ ಎಷ್ಟೋ ಕೆಳಗೇ ಮೆತ್ತಗಾಗುವುದರಿಂದ, ಜೋಡಿಯಿಲ್ಲದಿದ್ದರೆ ಪಿನ್ನು ಓರೆಯಾಗಿ ಕೂತುಬಿಡುತ್ತದೆ. ತಂತಿಗೂ, ಪಿನ್ನಿನ ಹಿಂಬದಿಯಲ್ಲಿ ತಂತಿ ಕೂರುವ ಬಟ್ಟಲಿಗೂ ಮೊದಲೇ ಸೋಲ್ಡರ್ ಹಿಡಿಸಿ, ಬಟ್ಟಲಿನ ಹೊರಮೈಗೆ ಮೊನೆಯ ಅಗಲದ ಮೈಯನ್ನು ಒತ್ತಿ, ಒಳಗಿನ ಸೋಲ್ಡರ್ ಕನ್ನಡಿಯಂತೆ ಹೊಳೆದು ಕದಲತೊಡಗಿದಾಗ ತಂತಿಯನ್ನು ಇಳಿಸಬೇಕು. ತಂತಿ ಇಳಿದ ಕೂಡಲೇ ಆ ಹೊಳಪು ಮಾಯವಾಗುತ್ತದೆ, ತಂತಿಯ ತಣ್ಪು ಸೋಲ್ಡರನ್ನು ಹೆಪ್ಪುಗಟ್ಟಿಸಿರುತ್ತದೆ. ಎಷ್ಟೋ ಜನ ಇಲ್ಲಿಗೇ ಐರನ್ ಎತ್ತಿಬಿಡುತ್ತಾರೆ. ಮತ್ತೆ ಹೊಳಪು ಮೂಡಿ, ತಂತಿ ತಾನಾಗಿಯೇ ಇನ್ನಷ್ಟು ಕೆಳಗೆ ಕೂರುವುದನ್ನು ಕಣ್ಣಾರೆ ನೋಡಿದ ಮೇಲೆ ಐರನ್ ತೆಗೆಯಬೇಕು, ಸೋಲ್ಡರ್ ಗಟ್ಟಿಯಾಗುವವರೆಗೆ ತಂತಿಯನ್ನು ಅಲುಗಿಸಬಾರದು. ಇಷ್ಟೂ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು. ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಬೆಸೆಯುವುದೇ ಸುರಕ್ಷಿತ ಎಂಬ ನಂಬಿಕೆ ಬಲವಾಗಿದೆ, ಆದರೆ ಹಾಗೆ ನಿಧಾನಿಸಿದಾಗಲೇ ನೈಲಾನ್ ಕರಗುವುದು, ಸೋಲ್ಡರ್ ಹೊದಿಕೆಯ ಒಳಗೆ ಮೇಲೇರಿ ತಂತಿಯನ್ನು ಕಡ್ಡಿಯಂತೆ ಬಿರುಸಾಗಿಸುವುದು. ಆ ಬಿರುಸು ಮುಗಿಯುವಲ್ಲಿಯೇ ಮೋಟರಿನ ಕಂಪನಕ್ಕೆ ಎಳೆಗಳು ಒಂದೊಂದಾಗಿ ಮುರಿಯುತ್ತವೆ.

ಒಂದು ಹಳೆಯ ಕನೆಕ್ಟರಿನ ಬೆಸುಗೆಯನ್ನು ಹ್ಯಾಕ್‌ಸಾದಿಂದ ಅಡ್ಡಕ್ಕೆ ಕೊಯ್ದು ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ. ಒಳ್ಳೆಯ ಬೆಸುಗೆಯ ಕೊಯ್ತದಲ್ಲಿ ಬೂದು-ಬೆಳ್ಳಿಯ ನೆಲದ ಮೇಲೆ ಒತ್ತೊತ್ತಾಗಿ ತಾಮ್ರದ ಚುಕ್ಕೆಗಳು ಕಾಣುತ್ತವೆ; ಕೆಟ್ಟದ್ದರಲ್ಲಿ ಹೊರಗೆ ನುಣುಪಾದ ಸೋಲ್ಡರಿನ ಉಂಗುರವಿದ್ದು ನಡುವೆ ಒಣ ಎಳೆಗಳು ಸಡಿಲವಾಗಿ ಉದುರುತ್ತವೆ. ಕೊಯ್ಯದೆ ಪರೀಕ್ಷಿಸಲು, ಬ್ಯಾಟರಿಗೆ ಸೇರಿಸುವ ಮುನ್ನ ಬೆಂಚ್ ಸಪ್ಲೈಯಿಂದ (ಕರೆಂಟನ್ನು ಬೇಕಾದಷ್ಟಕ್ಕೆ ಹೊಂದಿಸಬಹುದಾದ ಮೇಜಿನ ಪವರ್ ಸಪ್ಲೈ) 5 ಆಂಪಿಯರ್ ಹರಿಸಿ ತಂತಿಗೂ ಬಟ್ಟಲಿಗೂ ನಡುವೆ ಮೀಟರ್ ಹಿಡಿಯಬಹುದು. 1 ಮಿಲಿವೋಲ್ಟಿಗಿಂತ ಕಡಿಮೆ ತೋರಿಸಿದರೆ ನಿಶ್ಚಿಂತೆ. 5 ಮಿಲಿವೋಲ್ಟ್ ಬಂದರೆ ಆ ಬೆಸುಗೆಯ ರೋಧ 1 ಮಿಲಿಓಮ್ ಎಂದರ್ಥ. ಅದನ್ನು ಬಿಚ್ಚಿ ಮತ್ತೆ ಮಾಡಬೇಕು.

ಬ್ಯಾಟರಿಯ ಕಡೆ ಯಾವಾಗಲೂ ಹೆಣ್ಣು ಕನೆಕ್ಟರನ್ನೇ ಹಾಕಬೇಕು. ಅದರ ಲೋಹವು ಕವಚದೊಳಗೆ ಅಡಗಿರುವುದರಿಂದ ಶಾರ್ಟ್ ಆಗುವ ಸಂಭವ ಕಡಿಮೆ. ಲಿಥಿಯಂ ಬ್ಯಾಟರಿಯ ಹಳೆಯ ಕನೆಕ್ಟರ್ ತೆಗೆಯುವಾಗ ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಲೇಬಾರದು, ಕತ್ತರಿಯ ಅಲಗೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಕೊಳವೆ ಕುಗ್ಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.

ಅಳಿವೆಯ ನೀರು ಉಪ್ಪು. ಪ್ರತಿ ಸಲ ದೋಣಿ ದಡಕ್ಕೆ ಬಂದ ಮೇಲೆ ಬ್ಯಾಟರಿ ಬಿಚ್ಚಿಟ್ಟು, ದೋಣಿಯ ಕಡೆಯ ಕನೆಕ್ಟರುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ತೆಳುವಾಗಿ ಗ್ರೀಸ್ ಸವರುತ್ತೇನೆ. ಅಂಟಿನ ಒಳಪದರವಿರುವ ಕೊಳವೆ ಬಳಸಿದರೆ ನೀರು ಬೆಸುಗೆಯವರೆಗೆ ಹೋಗುವುದು ಬಹುಮಟ್ಟಿಗೆ ತಪ್ಪುತ್ತದೆ. ಆದರೂ ಕೊಳವೆಯ ಅಂಚಿನಲ್ಲಿ ತಾಮ್ರದ ಕಿಲುಬಿನ ಹಸಿರು ಇಣುಕಿತೆಂದರೆ ಆ ಬೆಸುಗೆಯನ್ನು ಹಾಗೇ ಇನ್ನೊಮ್ಮೆ ನೀರಿಗಿಳಿಸುವುದಿಲ್ಲ.